ಕಣಕಾಲು ನೋವಿಗೆ ಹೋದ ಮೈಸೂರು ಕುವೆಂಪುನಗರದ ಫಿಸಿಯೋ ಕ್ಲಿನಿಕ್ಕು, ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಐದು ಸ್ಟಾರ್. ಹೆಸರು ಹಾಕ್ತಿಲ್ಲ ಯಾಕಂದ್ರೆ ನಡೆಸೋ ಮೇಡಮ್ಮೇ ಬೇಡ ಅಂದಿದಾರೆ, ಒಬ್ರೇ ನೋಡ್ಕೊಳ್ಳೋದು, ಈಗ್ಲೇ ಸಂಜೆ ಹೊತ್ತು ಹೊರಗೆ ಚೇರ್ ಸಾಲಲ್ಲ ಅಷ್ಟು ಜನ ಕೂತಿರ್ತಾರೆ. ಆದ್ರೆ ಅಲ್ಲಿ ಏನೇನು ಮಾಡಿದ್ರು ಅನ್ನೋದನ್ನ ಪೂರ್ತಿ ಬರೀತೀನಿ. ನಿಮ್ಮೂರಲ್ಲಿ ನೀವು ಹೋಗೋ ಕಡೆ ಇದೇ ಥರ ನೋಡ್ತಾರಾ ಇಲ್ವಾ ಅಂತ ಹೋಲಿಸ್ಕೊಳ್ಳೋಕೆ ಅನುಕೂಲ ಆಗುತ್ತೆ.

ನನಗೆ 39 ವರ್ಷ, ಬ್ಯಾಂಕಲ್ಲಿ ಕೆಲಸ, ಎರಡು ವರ್ಷದಿಂದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತೀನಿ. ಏಪ್ರಿಲ್ ಕೊನೇಲಿ ಬೆಂಗಳೂರಲ್ಲಿ ನಡೆಯೋ ವರ್ಲ್ಡ್ 10ಕೆ ಅನ್ನೋ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದೆ, ಮೊದಲನೇ ಸಲ. ಆ ಉತ್ಸಾಹದಲ್ಲಿ ವಾರಕ್ಕೆ 18 ಕಿಲೋಮೀಟರ್ ಓಡ್ತಿದ್ದೋಳು ಮೂರೇ ವಾರದಲ್ಲಿ 34ಕ್ಕೆ ಹೋದೆ, ಭಾನುವಾರ ಚಾಮುಂಡಿ ಬೆಟ್ಟದ ಟಾರ್ ರೋಡಲ್ಲಿ ಮೇಲಿಂದ ಕೆಳಗೆ ಓಡ್ಕೊಂಡು ಬರೋದು ಬೇರೆ. ಜನವರಿ ಮಧ್ಯದಲ್ಲಿ ಶುರು ಆಯ್ತು ನೋವು. ಕಣಕಾಲಿನ ಒಳಮಗ್ಗುಲಲ್ಲಿ, ಹರಡಿನಿಂದ ಒಂದು ಗೇಣು ಮೇಲಿನವರೆಗೂ ಎಲುಬಿನ ಅಂಚು ಉದ್ದಕ್ಕೂ. ಮೊದಲ ಹತ್ತು ನಿಮಿಷ ಜೋರಾಗಿ ನೋಯೋದು, ಮೈ ಬಿಸಿಯಾದ್ಮೇಲೆ ಮಾಯ, ಮನೆಗೆ ಬಂದು ಸ್ನಾನ ಮಾಡೋ ಹೊತ್ತಿಗೆ ಮತ್ತೆ ಹಾಜರ್. ಈ ಮಧ್ಯೆ ಮಾಯ ಆಗೋದೇ ಮೋಸ ಮಾಡೋದು, ಓಡಿದ್ರೆ ಸರಿಹೋಗುತ್ತೆ ಅಂದ್ಕೊಂಡು ಇನ್ನೂ ಎರಡು ವಾರ ಓಡಿದೆ. ಆಮೇಲೆ ಬ್ಯಾಂಕ್ ಮೆಟ್ಟಿಲು ಇಳಿಯೋವಾಗ್ಲೂ ನೋವು.

ಆಗ ಮೊದಲು ಹೋಗಿದ್ದು ಬೇರೆ ಒಂದು ಕ್ಲಿನಿಕ್ಕಿಗೆ, ಅದರ ಹೆಸರೂ ಬೇಡ. ಹತ್ತು ಸಿಟ್ಟಿಂಗ್, ಒಂದಕ್ಕೆ 350 ರೂಪಾಯಿ, ಮುಂಚೆನೇ ಕಟ್ಟಬೇಕು. ಹೋಗಿ ಮಲಗಿದ್ರೆ ಕಾಲಿಗೆ ಪ್ಯಾಡ್ ಅಂಟಿಸಿ 15 ನಿಮಿಷ ಕರೆಂಟ್ ಕೊಡೋರು, ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಅಂತ ಒಂದು ಐದು ನಿಮಿಷ ಉಜ್ಜೋರು, ಮುಗೀತು. ಎರಡು ಗಂಟೆ ಹಿತ ಅನ್ಸೋದು, ಬೆಳಿಗ್ಗೆ ಎದ್ರೆ ಅದೇ ನೋವು. ಹತ್ತು ಸಿಟ್ಟಿಂಗಲ್ಲಿ ಒಬ್ರೂ ನೀವು ಎಷ್ಟು ಓಡ್ತೀರಿ, ಎಲ್ಲಿ ಓಡ್ತೀರಿ, ಶೂ ಯಾವುದು ಅಂತ ಕೇಳಲಿಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ, ಆ ಮೂರು ವಾರ ಸುಮ್ಮನೆ ಹೋಯ್ತಲ್ಲ ಅಂತ.

ಫೆಬ್ರವರಿ ಕೊನೇಲಿ ನಮ್ಮ ಓಡೋ ಗುಂಪಿನ ಒಬ್ರು ಅಂಕಲ್ ಈ ಕುವೆಂಪುನಗರದ ಕ್ಲಿನಿಕ್ ಹೇಳಿದ್ರು. ಮನೆಯ ಮುಂದಿನ ಹಾಲನ್ನೇ ಕ್ಲಿನಿಕ್ ಮಾಡ್ಕೊಂಡಿದಾರೆ, ಎರಡು ಬೆಂಚು, ಗೋಡೆಗೆ ಒಂದು ಏಣಿ ಥರ ಬಾರ್, ನಾಲ್ಕು ರಬ್ಬರ್ ಬ್ಯಾಂಡು, ಒಂದು ಮರದ ಮೆಟ್ಟಿಲು, ಅಷ್ಟೇ. ಮೇಡಂ ನನಗಿಂತ ಚಿಕ್ಕೋರು, ಮೂವತ್ತು ಇರಬಹುದು.

ಮೊದಲ ದಿನ ಮುಕ್ಕಾಲು ಗಂಟೆ ನೋಡಿದ್ರು. ಪ್ಯಾಂಟ್ ಮಡಚಿಸಿ ಹೆಬ್ಬೆರಳಲ್ಲಿ ಎಲುಬಿನ ಒಳಅಂಚನ್ನ ಕೆಳಗಿಂದ ಮೇಲಕ್ಕೆ ಒಂದೊಂದೇ ಬೆರಳಗಲ ಒತ್ತುತ್ತಾ ಹೋದ್ರು, ನಾನು ಹಾ ಅಂದ ಕಡೆಯೆಲ್ಲ ಸ್ಕೆಚ್ ಪೆನ್ನಲ್ಲಿ ಚುಕ್ಕೆ ಇಟ್ರು. ಮುಗಿದ ಮೇಲೆ ಟೇಪ್ ಹಿಡಿದು ಅಳೆದ್ರು, ಬಲಗಾಲಲ್ಲಿ 11 ಸೆಂಟಿಮೀಟರ್, ಎಡದಲ್ಲಿ 7. "ನೋಡಿ ಮೇಡಂ, ನೋವು ಹೀಗೆ ಉದ್ದಕ್ಕೆ ಹರಡ್ಕೊಂಡಿದ್ರೆ ಶಿನ್ ಸ್ಪ್ಲಿಂಟ್ಸ್, ಅಂದ್ರೆ ಜಾಸ್ತಿ ಓಡಿ ಕಣಕಾಲಿನ ಎಲುಬಿನ ಅಂಚು ನೋಯೋದು, ಒಂದು ರೂಪಾಯಿ ನಾಣ್ಯದಷ್ಟು ಒಂದೇ ಜಾಗದಲ್ಲಿ ಚುಚ್ಚಿದಂಗೆ ಇದ್ರೆ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಎಲುಬಲ್ಲಿ ಸಣ್ಣ ಬಿರುಕು ಅಂತ ಅನುಮಾನ ಪಡ್ಬೇಕು" ಅಂದ್ರು. ರಾತ್ರಿ ಮಲಗಿದಾಗ ನೋಯುತ್ತಾ ಕೇಳಿದ್ರು, ಒಂಟಿ ಕಾಲಲ್ಲಿ ಕುಪ್ಪಳಿಸೋಕೆ ಹೇಳಿದ್ರು, ಕಾಲು ಜೋಮು ಹಿಡಿಯುತ್ತಾ, ಪಾದ ಮರಗಟ್ಟುತ್ತಾ ಅಂತಾನೂ ಕೇಳಿದ್ರು, ಯಾಕಂದ್ರೆ ಅದು ಬೇರೇನೇ ಸಮಸ್ಯೆ ಆಗಿರಬಹುದಂತೆ. ನಾನು ಎಕ್ಸ್‌ರೇ ತೆಗೆಸ್ಲಾ ಅಂದೆ. ಸಣ್ಣ ಬಿರುಕಾದ್ರೆ ಮೊದಲ ಕೆಲವು ವಾರ ಎಕ್ಸ್‌ರೇಲಿ ಕಾಣದೇ ಇರಬಹುದು, ನೋವು ಒಂದೇ ಕಡೆ ಸೇರ್ಕೊಂಡ್ರೆ ಅಥವಾ ರಾತ್ರಿ ಶುರುವಾದ್ರೆ ಆಗ ಮೂಳೆ ಡಾಕ್ಟ್ರ ಹತ್ರ ಹೋಗಿ, ಅವರು ಎಂಆರ್‌ಐ ಬೇಕಾ ಅಂತ ಹೇಳ್ತಾರೆ, ಈಗ ದುಡ್ಡು ಹಾಕ್ಬೇಡಿ ಅಂದ್ರು. ಆ ಮಾತಿಗೇ ನನಗೆ ಅರ್ಧ ನಂಬಿಕೆ ಬಂತು.

ಆಮೇಲೆ ಯಾಕೆ ಆಗುತ್ತೆ ಅಂತ ವಿವರಿಸಿದ ರೀತಿ ಇದೆಯಲ್ಲ, ಅದನ್ನ ನಾನು ಎಷ್ಟು ಜನಕ್ಕೆ ಹೇಳಿದೀನೋ. ಓಡೋವಾಗ ಪ್ರತಿ ಹೆಜ್ಜೆಗೂ ಆ ಎಲುಬು ಕಣ್ಣಿಗೆ ಕಾಣದಷ್ಟು ಬಾಗುತ್ತಂತೆ, ಮೀನಖಂಡದ ಮಾಂಸಖಂಡಗಳು ಬೇರೆ ಅದರ ಪೊರೆನ ಎಳೀತಿರ್ತವೆ. ದೇಹ ಅದನ್ನ ಗಟ್ಟಿ ಮಾಡೋಕೆ ಹೊರಟಾಗ ಮೊದಲು ಹಳೇ ಎಲುಬನ್ನ ಕರಗಿಸಿ ಆಮೇಲೆ ಹೊಸದು ತುಂಬುತ್ತೆ, ಕರಗಿಸೋದು ಬೇಗ, ತುಂಬೋದು ನಿಧಾನ. "ಹಳೇ ಗಾರೆ ಕಿತ್ತು ಹೊಸ ಗಾರೆ ಹಾಕಿದೀರ ಅಂದ್ಕೊಳಿ, ನೀರು ಹೊಡೆದು ಕ್ಯೂರಿಂಗ್ ಆಗೋಕೆ ಮುಂಚೆನೇ ಅದರ ಮೇಲೆ ದಡದಡ ಓಡಾಡಿದ್ರೆ ಏನಾಗುತ್ತೆ?" ಅಂದ್ರು. ನಮ್ಮಪ್ಪ ಮನೆ ಕಟ್ಟಿಸೋವಾಗ ನಮ್ಮನ್ನ ಆ ನೆಲದ ಹತ್ರಕ್ಕೂ ಬಿಡ್ತಿರ್ಲಿಲ್ಲ, ಅದು ನೆನಪಾಗಿ ತಕ್ಷಣ ಅರ್ಥ ಆಯ್ತು.

ಮುಂದಿನದು ಪರೀಕ್ಷೆ. ಮರದ ಮೆಟ್ಟಿಲ ಅಂಚಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಬೇಕು, ಅವರು ಪಕ್ಕದಲ್ಲಿ ನಿಂತು ಎಣಿಸ್ತಾರೆ. ಎಡಗಾಲಲ್ಲಿ 14, ಬಲಗಾಲಲ್ಲಿ 9ಕ್ಕೇ ಕಾಲು ನಡುಗೋಕೆ ಶುರು. ಎರಡೂ ಕಾಲಲ್ಲಿ 25 ಆಗೋವರೆಗೂ ನಮ್ಮ ಕೆಲಸ ಮುಗಿಯಲ್ಲ ಅಂದ್ರು. ಮಂಡಿ ನೇರ ಇಟ್ಕೊಂಡು ಒಂದು ಸಲ, ಮಂಡಿ ಬಗ್ಗಿಸ್ಕೊಂಡು ಇನ್ನೊಂದು ಸಲ, ಈ ಬಗ್ಗಿಸಿದ್ದು ಒಳಗಿರೋ ಸೋಲಿಯಸ್ ಅನ್ನೋ ಮಾಂಸಖಂಡಕ್ಕೆ, ಓಡೋರಿಗೆ ಅದೇ ಮುಖ್ಯವಂತೆ. ಗೋಡೆಗೆ ಒರಗಿ ನಿಂತು ಹಿಮ್ಮಡಿ ನೆಲದ ಮೇಲೇ ಬಿಟ್ಟು ಪಾದದ ಮುಂಭಾಗ ಎತ್ತೋದು ಒಂದು, ಸೊಂಟದ ಪಕ್ಕದ ಮಾಂಸಖಂಡಕ್ಕೆ ಅಂತ ಕಾಲಿಗೆ ಬ್ಯಾಂಡ್ ಕಟ್ಕೊಂಡು ಅಡ್ಡ ನಡೆಯೋದು ಒಂದು. ನಾಲ್ಕನೇ ವಾರದಿಂದ ಬೆನ್ನಿಗೆ ಬ್ಯಾಗು, ಅದರಲ್ಲಿ 5 ಕೆಜಿ ಸೋನಾ ಮಸೂರಿ. ಹಾಲು ಕಾಯೋಕಿಟ್ಟು ಅಡುಗೆಮನೆ ಹೊಸಿಲ ಮೇಲೆ ನಿಂತು ಮಾಡ್ತಿದ್ದೆ, ನನ್ನ ಮಗಳು ಎಣಿಸೋಳು, ಹಿಮ್ಮಡಿ ಪೂರ್ತಿ ಮೇಲಕ್ಕೆ ಬರ್ಲಿಲ್ಲ ಅಂದ್ರೆ ಲೆಕ್ಕಕ್ಕೆ ತಗೋತಿರ್ಲಿಲ್ಲ.

ಇನ್ನೊಂದು ವಿಷಯ ಹೆಣ್ಮಕ್ಕಳಿಗೆ ಹೇಳ್ಲೇಬೇಕು. ಮುಟ್ಟು ಸರಿಯಾಗಿ ಆಗ್ತಿದೆಯಾ, ಓಡೋಕೆ ಮುಂಚೆ ಏನು ತಿಂತೀರಿ ಅಂತ ಕೇಳಿದ್ರು. ಕಾಲು ನೋವಿಗೂ ಇದಕ್ಕೂ ಏನು ಸಂಬಂಧ ಅನ್ನಿಸ್ತು ನನಗೆ. ಓಡೋ ಹೆಂಗಸರಲ್ಲಿ ಈ ತೊಂದರೆ ಗಂಡಸರಿಗಿಂತ ಜಾಸ್ತಿ, ಹೊಟ್ಟೆಗೆ ಸಾಕಷ್ಟು ತಿನ್ನದೇ ಓಡಿದ್ರೆ ಮುಟ್ಟೂ ಏರುಪೇರು ಆಗುತ್ತೆ ಎಲುಬೂ ಸೊರಗುತ್ತೆ ಅಂದ್ರು. ನಾನು ಬರೀ ಕಾಫಿ ಕುಡಿದು ಓಡಿ, ಗಡಿಬಿಡೀಲಿ ತಿಂಡಿ ಬಿಟ್ಟು ಬ್ಯಾಂಕಿಗೆ ಹೋಗೋಳು. ವಿಟಮಿನ್ ಡಿ ಟೆಸ್ಟ್ ಮಾಡಿಸಿದ್ರೆ 18 ಬಂತು, ಕಡಿಮೆ. ಮೇಡಂ ತಾವೇ ಮಾತ್ರೆ ಕೊಡ್ಲಿಲ್ಲ, ನಮ್ಮ ಫ್ಯಾಮಿಲಿ ಡಾಕ್ಟ್ರ ಹತ್ರ ಕಳಿಸಿದ್ರು. ಈಗ ಓಡೋಕೆ ಮುಂಚೆ ಬಾಳೆಹಣ್ಣು, ಬಂದ್ಮೇಲೆ ರಾಗಿ ಅಂಬಲಿ, ತಿಂಡಿ ತಪ್ಪಿಸಲ್ಲ.

ಶೂ ತಗೊಂಡು ಹೋಗಿ ತೋರಿಸಿದೆ, ಸುಮಾರು 900 ಕಿಲೋಮೀಟರ್ ಓಡಿದ್ದು, ಅಟ್ಟೆ ಒಳಗಡೆ ಹಿಸುಕಿದ್ರೆ ಗಟ್ಟಿಯಾಗಿತ್ತು. ಬದಲಾಯಿಸಿ, ಇದೇ ಕಂಪನಿ ಅಂತೇನಿಲ್ಲ, ಹಾಕ್ಕೊಂಡು ಅಂಗಡೀಲೇ ಓಡಾಡಿ ಯಾವುದು ಹಿತವೋ ಅದು ಅಂದ್ರು. ನಾನು ಆನ್‌ಲೈನಲ್ಲಿ 900 ರೂಪಾಯಿಗೆ ತರಿಸಿದ್ದ ಮೀನಖಂಡದ ಕಂಪ್ರೆಷನ್ ಸ್ಲೀವ್ (ಕಾಲಿಗೆ ಬಿಗಿಯಾಗಿ ಹಾಕ್ಕೊಳ್ಳೋ ಚೀಲ) ಬಗ್ಗೆ, ಹಿತ ಅನ್ಸಿದ್ರೆ ಹಾಕ್ಕೊಳಿ ಆದ್ರೆ ಅದು ಎಲುಬನ್ನ ವಾಸಿ ಮಾಡಲ್ಲ ಅಂತ ನೇರವಾಗಿ ಹೇಳಿದ್ರು. ಐಸೂ ಅಷ್ಟೇ, 15 ನಿಮಿಷ ಬಟ್ಟೆ ಸುತ್ತಿ ಇಟ್ಕೊಳಿ, ನೋವು ತಗ್ಗುತ್ತೆ ಅಷ್ಟೇ.

ಏಪ್ರಿಲ್ ಓಟ ಆಗಲ್ಲ ಅಂತ ಹೇಳಿದ್ದು ಎರಡನೇ ಸಿಟ್ಟಿಂಗಲ್ಲಿ. ಬೆಂಚ್ ಮೇಲೆ ಕೂತು ಅತ್ಬಿಟ್ಟೆ. ಬಾಗಿಲಿಗೆ ಪರದೆ ಎಳೆದು ಪಕ್ಕದಲ್ಲಿ ಬಂದು ಕೂತ್ರು, "ಅಕ್ಕಾ, ಮುಂದಿನ ವರ್ಷಾನೂ ಆ ಓಟ ಇರುತ್ತೆ, ನಿಮ್ಮ ಕಾಲೂ ಇರಬೇಕಲ್ವಾ" ಅಂದ್ರು. ಅವತ್ತಿಂದ ನಾನು ಮೇಡಂ ಹೋಗಿ ಅಕ್ಕ ಆದೆ.

ಓಟಕ್ಕೆ ವಾಪಸ್ ಬರೋದನ್ನ ಅವರು ಒಂದು ಹಾಳೆ ಮೇಲೆ ಕನ್ನಡದಲ್ಲೇ ಬರೆದು ಕೊಟ್ರು. ಮೊದಲು ಅರ್ಧ ಗಂಟೆ ಬಿರುಸಾಗಿ ನಡೆದ್ರೂ ನೋವು ಇರಬಾರದು, ಅದಾದ್ಮೇಲೆ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ ಎಂಟು ಸಲ, ದಿನ ಬಿಟ್ಟು ದಿನ, ಮಣ್ಣಿನ ದಾರೀಲಿ ಮಾತ್ರ. ಹತ್ತಕ್ಕೆ ಎರಡರಷ್ಟು ನೋವು ಇದ್ರೆ ಪರವಾಗಿಲ್ಲ, ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಉಳಿದಿದ್ರೆ ಒಂದು ಹೆಜ್ಜೆ ಹಿಂದಕ್ಕೆ. ಯುಗಾದಿ ದಿನ ಬೆಳಿಗ್ಗೆ ಕಾಲು ಹಗುರ ಇತ್ತು ಅಂತ ನಾನು ಒಂದೇ ಸಮ 6 ಕಿಲೋಮೀಟರ್ ಓಡ್ಬಿಟ್ಟೆ, ಸಂಜೆ ಒಬ್ಬಟ್ಟು ಬೇಯಿಸೋಕೆ ನಿಲ್ಲೋಕಾಗ್ತಿಲ್ಲ. ಹೆದರ್ಕೊಂಡು ಫೋನ್ ಮಾಡಿದೆ, ಬೈಲಿಲ್ಲ, ಹಾಳೇಲಿ ಎರಡು ಸಾಲು ಮೇಲಕ್ಕೆ ಹೋಗಿ ಅಲ್ಲಿಂದ ಶುರು ಮಾಡಿ ಅಂದ್ರು ಅಷ್ಟೇ. ನನ್ನ ಫೋನಲ್ಲೇ ನಾನು ಓಡೋ ವಿಡಿಯೋ ತೆಗೆದು ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿದ್ರು, 156 ಇತ್ತು. ಹೆಜ್ಜೆ ಚಿಕ್ಕದು ಮಾಡಿ 165ರ ಹತ್ರ ತನ್ನಿ ಅಂದ್ರು, ಮೆಟ್ರೊನೋಮ್ ಆ್ಯಪ್ ಹಾಕ್ಕೊಂಡು ಕೆರೆ ಏರಿ ಮೇಲೆ ಟಿಕ್ ಟಿಕ್ ಸದ್ದಿಗೆ ಓಡಿದೆ. ಎಲುಬಿಗೆ ಬೀಳೋ ಏಟು ಕಡಿಮೆ ಆಗಿದ್ದು ನನಗೇ ಗೊತ್ತಾಗ್ತಿತ್ತು.

ಒಟ್ಟು ಹದಿನಾಲ್ಕು ವಾರದಲ್ಲಿ ಆರೇ ಸಿಟ್ಟಿಂಗ್. ಮೊದಲನೇದು 600, ಮಿಕ್ಕಿದ್ದು ನಾನೂರು ನಾನೂರು, ಎಲ್ಲಾ ಸೇರಿ 2600 ರೂಪಾಯಿ. ವಾರ ವಾರ ಬನ್ನಿ ಅಂತ ಕರೀಲೇ ಇಲ್ಲ, ಮನೇಲಿ ಮಾಡಿ, ಸಂಖ್ಯೆ ಬರೆದಿಡಿ, ಎರಡು ಮೂರು ವಾರಕ್ಕೊಮ್ಮೆ ತೋರಿಸಿ ಅಂತಿದ್ರು. ಈಗ ಹಿಮ್ಮಡಿ ಎತ್ತೋದು ಒಂದೊಂದು ಕಾಲಲ್ಲೂ 26 ಆಗುತ್ತೆ, ವಾರಕ್ಕೆ ಮೂರು ದಿನ 7 ಕಿಲೋಮೀಟರ್, ನೋವಿಲ್ಲ. ಕೊನೇ ಸಿಟ್ಟಿಂಗಲ್ಲಿ ಮತ್ತೆ ಅದೇ ಹೆಬ್ಬೆರಳಲ್ಲಿ ಕೆಳಗಿಂದ ಮೇಲಕ್ಕೆ ಒತ್ತಿದ್ರು, ಸ್ಕೆಚ್ ಪೆನ್ ಮುಚ್ಚಳ ತೆಗೀಲೇ ಇಲ್ಲ.

ಕೊರತೆ ಅಂದ್ರೆ ಪಾರ್ಕಿಂಗ್ ಇಲ್ಲ, ಕ್ರಾಸ್ ರೋಡು ಇಕ್ಕಟ್ಟು, ಸ್ಕೂಟರಲ್ಲಿ ಹೋಗೋದೇ ಒಳ್ಳೇದು. ಟೈಮ್ ಕೊಟ್ರೂ ಅರ್ಧ ಗಂಟೆ ಕಾಯ್ಬೇಕು, ಯಾಕಂದ್ರೆ ಮುಂದಿನೋರನ್ನೂ ಅಷ್ಟೇ ಹೊತ್ತು ನೋಡ್ತಿರ್ತಾರೆ. ಟ್ರೆಡ್‌ಮಿಲ್ ಇಲ್ಲ, ಬಿಲ್ ಕೈಯಲ್ಲಿ ಬರೆದು ಕೊಡ್ತಾರೆ, ಭಾನುವಾರ ರಜ. ಬಟ್ಟೆ ಬದಲಾಯಿಸೋಕೆ ಬೇರೆ ರೂಮಿಲ್ಲ, ಹೆಂಗಸರು ಮಂಡಿವರೆಗೂ ಮಡಚೋಕಾಗೋ ಪ್ಯಾಂಟ್ ಹಾಕ್ಕೊಂಡೇ ಹೋಗಿ. ಮರೀದೆ ಓಡೋ ಹಳೇ ಶೂನೂ ತಗೊಂಡ್ಹೋಗಿ, ತೊಳೀಬೇಡಿ, ಅಟ್ಟೆ ಎಲ್ಲಿ ಸವೆದಿದೆ ಅಂತ ಅವರು ತಿರುಗಿಸಿ ನೋಡ್ತಾರೆ.