ಸ್ಪೀಕರ್ ಡಬ್ಬಕ್ಕೆ ವೆನೀರ್ ಅಂಟಿಸುವವರು ರಬ್ಬರ್ ಗಮ್ ಮುಚ್ಚಳ ತೆಗೆಯುವ ಮುಂಚೆ ಓದಿ

ಮೊದಲೇ ಹೇಳಿಬಿಡುತ್ತೇನೆ. ವೆನೀರ್ ಅಂದರೆ ಮರದ ನೋಟ ಬರಲಿ ಅಂತ ಮೇಲೆ ಅಂಟಿಸುವ ತೆಳು ಮರದ ಪದರ. ಬರೀ ಮರದ ಹಾಳೆ ವೆನೀರನ್ನು ರಬ್ಬರ್ ಗಮ್ಮಿನಲ್ಲಿ ಅಂಟಿಸಿ, ಮೇಲೆ ಥಿನ್ನರ್ ಬೆರೆಸಿದ ಪಾಲಿಶ್ ಹಚ್ಚಬೇಡಿ. ನಾನು ಹಚ್ಚಿದೆ. ಎರಡು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು.

ನಾನೇ ಮಾಡಿದ ಸ್ಪೀಕರ್ ಡಬ್ಬಗಳೇನೋ ಚೆನ್ನಾಗೇ ಬಂದಿದ್ದವು. 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ದಪ್ಪ ಸದ್ದಿಗೆ ಆರೂವರೆ ಇಂಚಿನ ವೂಫರ್, ಕೀರಲು ಸದ್ದಿಗೆ ಒಂದಿಂಚಿನ ಟ್ವೀಟರ್. ಸದ್ದನ್ನು ಇವೆರಡಕ್ಕೂ ಹಂಚುವ ಕ್ರಾಸ್‌ಓವರಿನ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊತ್ತು ತಂದಿದ್ದೆ. ಸದ್ದು ಕೇಳಿ ನನಗೇ ಹೆಮ್ಮೆ. ಆದರೆ ನೋಡೋಕೆ ರಟ್ಟಿನ ಪೆಟ್ಟಿಗೆ. ಹಾಲ್‌ನಲ್ಲಿ ಇಡೋದಾದರೆ ಮರದ ಹಾಗೆ ಕಾಣಬೇಕು ಅಂತ ಮನೆಯಲ್ಲಿ ಅಪ್ಪಣೆಯಾಯಿತು. ಸರಿ ಅಂತ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದೆ.

ವೆನೀರ್ ಎರಡು ಥರ ಸಿಗುತ್ತದೆ. ಒಂದು, 4 ಎಂಎಂ ಪ್ಲೈ ಮೇಲೆ ಕಾರ್ಖಾನೆಯಲ್ಲೇ ಬಿಸಿ ಪ್ರೆಸ್ಸಿನಲ್ಲಿ ಕೂರಿಸಿದ 8 ಅಡಿ 4 ಅಡಿ ಶೀಟು. ವಾರ್ಡ್‌ರೋಬಿಗೆ ಹಾಕೋದು ಇದನ್ನೇ. ಇನ್ನೊಂದು, ಅರ್ಧ ಮಿಲಿಮೀಟರ್ ದಪ್ಪದ ಬರೀ ಮರದ ಹಾಳೆ. ಹಪ್ಪಳದ ಹಾಗೆ, ಸ್ವಲ್ಪ ಜೋರಾಗಿ ಹಿಡಿದರೆ ಸೀಳುತ್ತದೆ. ನಾನು ಡಬ್ಬದ ಅಂಚುಗಳನ್ನು ದುಂಡಗೆ ಮಾಡಿದ್ದೆ. ಪ್ಲೈ ಅಲ್ಲಿ ಬಾಗುವುದಿಲ್ಲ. ಹಾಗಾಗಿ ತೇಗದ ಹಾಳೆಯನ್ನೇ ತಂದೆ.

ಯಾವ ಗಮ್ ಅಂತ ಕೇಳಿದ್ದಕ್ಕೆ ಅಂಗಡಿಯವರೂ, ಪರಿಚಯದ ಬಡಗಿಯೂ ಒಂದೇ ಮಾತು ಹೇಳಿದರು: ಸನ್ಮೈಕಾ ಅಂಟಿಸೋ ರಬ್ಬರ್ ಗಮ್ಮೇ ಸಾಕು ಸಾರ್. ಅವರನ್ನು ನಾನು ದೂರುವುದಿಲ್ಲ. ಅವರ ಕೈಗೆ ದಿನಾ ಬರೋದು ಸನ್ಮೈಕಾ ಮತ್ತು ಪ್ಲೈ ಶೀಟು. ಅವೆರಡಕ್ಕೂ ಆ ಗಮ್ ಸರಿ.

ಎರಡೂ ಕಡೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮುಟ್ಟಿದರೆ ಬೆರಳಿಗೆ ಅಂಟದ ಹದಕ್ಕೆ ಬಂದ ಮೇಲೆ ಕೂರಿಸಿದೆ. ಮಧ್ಯೆ ಹಳೆ ಪೇಪರ್ ಇಟ್ಟು ಸ್ವಲ್ಪಸ್ವಲ್ಪವೇ ಎಳೆದುಕೊಂಡು ಬಂದೆ. ಯಾಕಂದರೆ ಗಮ್ಮಿಗೆ ಗಮ್ ತಾಗಿದ ಮೇಲೆ ಒಂದು ಕೂದಲೆಳೆಯಷ್ಟೂ ಸರಿಸೋಕಾಗಲ್ಲ. (ಕಿಟಕಿ ತೆರೆದಿಡಿ. ಒಲೆ ಹಚ್ಚಿದ್ದರೆ ಆರಿಸಿ. ನನಗೆ ರಾತ್ರಿಯೆಲ್ಲ ತಲೆ ಸಿಡಿಯುತ್ತಿತ್ತು.) ರೋಲರ್ ಉಜ್ಜಿ, ಬ್ಲೇಡಿನಲ್ಲಿ ಅಂಚು ತೆಗೆದು ನೋಡಿದರೆ, ಆಹಾ! ಇಡೀ ಮರ ಕಡಿದು ಮಾಡಿದ ಹಾಗಿತ್ತು. ಒಂದು ವಾರ ಬಂದವರಿಗೆಲ್ಲ ತೋರಿಸಿದೆ.

ಆಮೇಲೆ ಮೆಲಮೈನ್ ಪಾಲಿಶ್ ತಂದೆ. ಥಿನ್ನರ್ ಧಾರಾಳವಾಗಿ ಬೆರೆಸಿ, ಬಟ್ಟೆ ಉಂಡೆಯಲ್ಲಿ ಅದ್ದಿ, ಎರಡು ಕೋಟ್ ಒಟ್ಟೊಟ್ಟಿಗೇ ಬಳಿದೆ. ತೇಗದ ರೇಖೆಗಳು ಎದ್ದು ಕಂಡವು. ಮಾರನೇ ದಿನ ಬೆಳಗ್ಗೆ ಟ್ಯೂಬ್‌ಲೈಟ್ ಹಾಕಿದರೆ, ಡಬ್ಬದ ನೆತ್ತಿಯ ಮೇಲೆ ಅದರ ಪ್ರತಿಬಿಂಬ ಹಾವಿನ ಥರ ಸೊಟ್ಟ. ಕೈಯಾಡಿಸಿದೆ. ಕಾವಲಿ ಮೇಲೆ ಚಪಾತಿ ಉಬ್ಬಿದ ಹಾಗೆ ಗುಳ್ಳೆಗಳು. ಉಗುರಿನಲ್ಲಿ ತಟ್ಟಿದರೆ ಅಂಟಿದ ಕಡೆ ‘ಟಕ್’, ಬಿಟ್ಟ ಕಡೆ ‘ಪಟ್’. ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋದೆ. ಒಂದೇ ಡಬ್ಬದಲ್ಲಿ ಹದಿನೇಳು.

ಯೋಚಿಸಿದರೆ ಕಾರಣ ಸರಳ. ರಬ್ಬರ್ ಗಮ್ ಕರಗೋದೇ ಥಿನ್ನರಿನಂಥ ದ್ರಾವಕದಲ್ಲಿ. ಸನ್ಮೈಕಾದ ಮೂಲಕ ಥಿನ್ನರ್ ಇಳಿಯಲ್ಲ. ಪ್ಲೈ ಶೀಟಿನಲ್ಲಿ ನಾವು ಹಚ್ಚಿದ ಗಮ್ 4 ಎಂಎಂ ಕೆಳಗಿರುತ್ತದೆ, ಅಲ್ಲಿಗೂ ತಲುಪಲ್ಲ. ಆದರೆ ಬರೀ ಹಾಳೆಯಲ್ಲಿ ಮರದ ರಂಧ್ರಗಳೇ ದಾರಿ. ಪಾಲಿಶ್ ನೆಟ್ಟಗೆ ಇಳಿದು ಗಮ್ಮನ್ನು ಮೆತ್ತಗೆ ಮಾಡುತ್ತದೆ. ಮೇಲಿನ ಹಾಳೆಯೂ ಹಿಗ್ಗುತ್ತದೆ, ಹಿಡಿದಿಡೋಕೆ ಕೆಳಗೆ ಯಾರೂ ಇಲ್ಲ. ಒಣಗಿದ ಮೇಲೂ ಆ ಗಮ್ ರಬ್ಬರೇ ಅಲ್ವಾ? ಮಳೆಗಾಲದಲ್ಲಿ ಮರ ಅಗಲವಾದಾಗ ಅದೂ ಜೊತೆಗೆ ಎಳೆದುಕೊಳ್ಳುತ್ತದೆ.

ಗುಳ್ಳೆ ಕೂರಿಸೋಕೆ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಕೂತವು. ಎರಡು ದಿನಕ್ಕೆ ಮತ್ತೆ ಎದ್ದವು. ಕೊನೆಗೆ ಡಬ್ಬದ ಗಾಳಿ ಹೋಗಿಬರುವ ಪೋರ್ಟ್ ತೂತಿನ ಹತ್ತಿರ ಒಂದು ತುಣುಕು ಬಿಟ್ಟುಕೊಂಡು, ಮೃದಂಗದ ಎಡಗೈ ಪೆಟ್ಟಿಗೆಲ್ಲ ‘ಝುರ್’ ಅನ್ನತೊಡಗಿತು. ಮೂರು ದಿನ ವೂಫರ್ ಕೆಟ್ಟಿದೆ ಅಂತ ಬಿಚ್ಚಿ ಬಿಚ್ಚಿ ನೋಡಿದ್ದೆ!

ಎಲ್ಲ ಕಿತ್ತೆ. ಬಿಸಿ ಮಾಡಿ ಕೆರೆದರೆ ವೆನೀರ್ ಬಂತು, ಜೊತೆಗೆ ಎಂಡಿಎಫ್‌ನ ಮೈಯೂ ಅಲ್ಲಲ್ಲಿ ಎದ್ದು ಬಂತು. ಪುಟ್ಟಿ ತುಂಬಿ ಉಜ್ಜೋದೇ ಎರಡು ವಾರ.

ಎರಡನೇ ಸಲ ಮಾಮೂಲಿ ಬಿಳಿ ಮರದ ಗೋಂದು. ಡಬ್ಬಕ್ಕೆ ಎರಡು ಕೋಟ್, ವೆನೀರಿನ ಬೆನ್ನಿಗೆ ಒಂದು. ಗೋಂದಿನ ನೀರಿಗೆ ಹಾಳೆ ಸುರುಳಿ ಸುತ್ತುತ್ತದೆ, ಆಗ ಮುಂಬದಿಗೂ ನೀರು ಚಿಮುಕಿಸಿದರೆ ಸಮನಾಗುತ್ತದೆ. ಗೋಂದು ಪೂರ್ತಿ ಒಣಗಿ ಗಾಜಿನ ಹಾಗೆ ಆಗುವವರೆಗೆ ಬಿಡಬೇಕು. ಆತುರ ಪಟ್ಟರೆ ಹಾಳೆ ಆಮೇಲೆ ಕುಗ್ಗಿ ರೇಖೆಗುಂಟ ಬಿರುಕು ಬಿಡುತ್ತದೆ. ಆಮೇಲೆ ಹಾಳೆಯನ್ನು ಡಬ್ಬದ ಮೇಲಿಟ್ಟು, ತೆಳು ಹತ್ತಿ ಬಟ್ಟೆ ಹಾಸಿ, ಹಬೆ ಇಲ್ಲದೆ, ಮಧ್ಯದಿಂದ ಅಂಚಿನ ಕಡೆಗೆ ನಿಧಾನವಾಗಿ ಇಸ್ತ್ರಿ. ಬಿಸಿಗೆ ಒಣಗಿದ ಗೋಂದು ಮತ್ತೆ ಮೆತ್ತಗಾಗುತ್ತದೆ. ಇಸ್ತ್ರಿ ಹೋದ ಹಿಂದೆಯೇ ಮರದ ತುಂಡಿನಿಂದ ಒತ್ತಿ ಉಜ್ಜುತ್ತಾ ಹೋಗಬೇಕು, ಆರುವಾಗಲೇ ಅದು ಹಿಡಿಯೋದು. ಪಾಲಿಶ್ ಈ ಸಲ ತೆಳು ಪದರವಾಗಿ, ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು.

ಅಷ್ಟಾದರೂ ಒಂದು ಕಡೆ ಯಾಮಾರಿದೆ. ಉಜ್ಜುವ ಯಂತ್ರವನ್ನು ಮೂಲೆಯಲ್ಲಿ ಒಂದೇ ಒಂದು ಕ್ಷಣ ಜಾಸ್ತಿ ಇಟ್ಟೆ, ಕೆಳಗಿನ ಎಂಡಿಎಫ್ ಕಂಡಿತು. ಮೂಲೆಗಳನ್ನು ಕೈಯಲ್ಲೇ ಉಜ್ಜಿ. ಆ ಡಬ್ಬದ ಆ ಮೂಲೆ ಈಗ ಗೋಡೆಯ ಕಡೆ ತಿರುಗಿದೆ.