ಎಂಟು ಅಡಿಯ ಅಂತರ: ಕ್ಯಾಟಲಿನಾ 22 ಮತ್ತು ಕ್ಯಾಟಲಿನಾ 30

ತುಮಕೂರಿನ ಅಮಾನಿಕೆರೆಯ ಬಳಿ ಬೆಳಗಿನ ನಡಿಗೆಗೆ ಸೇರುವ ನಮ್ಮ ಗುಂಪಿನಲ್ಲಿ, ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವವರು ನಾಲ್ಕೈದು ಮಂದಿ ಇದ್ದಾರೆ. ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ನಾನು ಹಾಯಿದೋಣಿ ನಡೆಸಲು ಕಲಿತು ಬಂದೆನೆಂದು ತಿಳಿದ ದಿನದಿಂದ ಅವರು ಕೇಳುತ್ತಿರುವುದು ಒಂದೇ ಪ್ರಶ್ನೆ: ಬಾಡಿಗೆಗೆ ಹಿಡಿಯುವುದಾದರೆ ಚಿಕ್ಕದೋ, ದೊಡ್ಡದೋ? ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ನಾವು ಹತ್ತಿದ್ದು ಎರಡು ದೋಣಿಗಳನ್ನು, ಕ್ಯಾಟಲಿನಾ 22 ಮತ್ತು ಕ್ಯಾಟಲಿನಾ 30. ಎರಡೂ ಫ್ರಾಂಕ್ ಬಟ್ಲರ್ ಸ್ಥಾಪಿಸಿದ ಕ್ಯಾಟಲಿನಾ ಯಾಟ್ಸ್ ಎಂಬ ಅಮೆರಿಕದ ಕಂಪನಿಯವು. 22 ಅಡಿಯದು 1969ರಿಂದ ತಯಾರಾಗಿ 15,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ನೀರಿಗಿಳಿದಿದೆ, 1970ರ ದಶಕದ ಮಧ್ಯದಲ್ಲಿ ಬಂದ 30 ಅಡಿಯದು 6,000ಕ್ಕೂ ಹೆಚ್ಚು. ಹಾಗಾಗಿ ಬಾಡಿಗೆ ಕೊಡುವ ಕಡೆಗಳಲ್ಲಿ ಇವು ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು.

ಉದ್ದದಲ್ಲಿ ಇವುಗಳ ನಡುವೆ ಇರುವುದು ಕೇವಲ ಎಂಟು ಅಡಿಯ ವ್ಯತ್ಯಾಸ. ಆದರೆ ಚಿಕ್ಕ ದೋಣಿಯ ತೂಕ ಸುಮಾರು 1,000 ಕಿಲೋ, ದೊಡ್ಡದರದು ಸುಮಾರು 4,600 ಕಿಲೋ. ಅಗಲ ಏಳೂಮುಕ್ಕಾಲು ಅಡಿಯಿಂದ ಹನ್ನೊಂದು ಅಡಿಯ ಹತ್ತಿರಕ್ಕೆ ಏರುತ್ತದೆ. ದೋಣಿಯ ಅಂತರವನ್ನು ಅಡಿಗಳಲ್ಲಿ ಅಳೆಯದೆ ಈ ತೂಕದಲ್ಲಿ ಅಳೆಯಬೇಕೆಂಬುದು ನನಗೆ ಮೊದಲ ದಿನವೇ ಮನವರಿಕೆಯಾಯಿತು.

ಚಿಕ್ಕದರಲ್ಲಿ ಚಕ್ರವಿಲ್ಲ, ಟಿಲ್ಲರ್ ಎಂಬ ಮರದ ಹಿಡಿಯೊಂದೇ ಚುಕ್ಕಾಣಿಯನ್ನು ತಿರುಗಿಸುತ್ತದೆ. ಬಾವಿಯಿಂದ ನೀರು ಸೇದುವಾಗ ಕೊಡ ಮುಳುಗಿ ತುಂಬಿದ್ದು ಹಗ್ಗ ಹಿಡಿದ ಕೈಗೆ ಹೇಗೆ ತಾನಾಗಿ ತಿಳಿಯುತ್ತದೆಯೋ, ಹಾಗೆಯೇ ಗಾಳಿ ಹೆಚ್ಚಿದ್ದು, ಹಾಯಿಯನ್ನು ಅತಿಯಾಗಿ ಬಿಗಿದಿದ್ದು, ದೋಣಿ ಗಾಳಿಯ ಕಡೆಗೆ ಮೂತಿ ತಿರುಗಿಸಲು ಹವಣಿಸಿದ್ದು, ಎಲ್ಲವೂ ಆ ಹಿಡಿಯ ಮೂಲಕ ಅಂಗೈಗೆ ಬರುತ್ತದೆ. ತಪ್ಪು ಮಾಡಿದ ಮರುಕ್ಷಣವೇ ದೋಣಿ ವಾಲುತ್ತದೆ, ಹಗ್ಗ ಸಡಿಲಿಸಿದ ಮರುಕ್ಷಣವೇ ಎದ್ದು ನಿಲ್ಲುತ್ತದೆ. ಕಲಿಯುವವನಿಗೆ ಇದಕ್ಕಿಂತ ಪ್ರಾಮಾಣಿಕವಾದ ಗುರು ಸಿಗಲಾರದು. ನಾವು ಪಡೆದ ದೋಣಿಯ ಅಡಿಯಲ್ಲಿರುವ ಕೀಲ್ ಎಂಬ ಭಾರದ ಅಲಗನ್ನು ವಿಂಚ್ ಎಂಬ, ಹಿಡಿ ತಿರುಗಿಸಿ ಎಳೆಯುವ ರಾಟೆಯಿಂದ ಮೇಲಕ್ಕೆತ್ತಬಹುದು. ಇಳಿಸಿದಾಗ ಐದು ಅಡಿ ಆಳದ ನೀರು ಬೇಕು, ಎತ್ತಿದಾಗ ಎರಡು ಅಡಿ ಸಾಕು. ಕಾರಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ಸಾಗಿಸಲು ಸುಲಭವಾಗುವುದೂ ಇದರಿಂದಲೇ.

ಆ ಕೊಲ್ಲಿಯ ಗಾಳಿಯ ವಿಚಾರವನ್ನು ಹೇಳದೆ ಈ ಹೋಲಿಕೆ ಪೂರ್ಣವಾಗದು. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು ಅಲ್ಲಿನ ಗಾಳಿ ಮೇಲೇರಿದಂತೆ, ಸಮುದ್ರದ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಎಂಬ ಕಿರಿದಾದ ಸಂದಿಯಿಂದ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್, ಮುಟ್ಟುವುದು ಅಲ್ಲಿ ಸಾಮಾನ್ಯ. ಆಷಾಢದಲ್ಲಿ ದೇವರಾಯನದುರ್ಗದ ನೆತ್ತಿಯಲ್ಲಿ ನಿಂತವರಿಗೆ ಇದರ ಅಂದಾಜು ಸಿಕ್ಕೀತು. ಅಂಥ ಒಂದು ಮಧ್ಯಾಹ್ನ ಚಿಕ್ಕ ದೋಣಿಯ ದೊಡ್ಡ ಹಾಯಿಯನ್ನು ಕುಗ್ಗಿಸಲು ಹೋದಾಗ, ಅದಕ್ಕೆಂದೇ ಇರುವ ಹಗ್ಗ ಸವೆದು ಎಳೆಎಳೆಯಾಗಿರುವುದು ಕಂಡಿತು. ಮಗಳು ಹಾಯಿಯನ್ನು ಪೂರ್ತಿ ಇಳಿಸಿದಳು, ನಾವು ಮುಂದಿನ ಚಿಕ್ಕ ಹಾಯಿಯೊಂದರಲ್ಲೇ ನಿಧಾನವಾಗಿ ದಡ ಸೇರಿದೆವು. ಬಾಡಿಗೆಗೆ ಕೊಡುವ ಮುನ್ನ ಸಂಸ್ಥೆಯವರು ಅದನ್ನು ಪರೀಕ್ಷಿಸಬೇಕಾಗಿತ್ತು. ನಾವೂ ದಡದಲ್ಲಿಯೇ ಪ್ರತಿಯೊಂದು ಹಗ್ಗವನ್ನೂ ಬೆರಳಾಡಿಸಿ ನೋಡಬೇಕಾಗಿತ್ತು.

ಅದೇ ಗಾಳಿಯಲ್ಲಿ 30 ಅಡಿಯ ದೋಣಿ ಬೇರೆಯದೇ ಗಾಂಭೀರ್ಯದಿಂದ ನಡೆಯುತ್ತದೆ. ಸುಮಾರು 1,900 ಕಿಲೋ ಭಾರ ಕೆಳಗಿದ್ದು, ಅಗಲವೂ ಇರುವುದರಿಂದ ಅದು ಸ್ವಲ್ಪ ವಾಲಿ ಅಲ್ಲಿಯೇ ನಿಲ್ಲುತ್ತದೆ. ಅಲೆಯನ್ನು ಹತ್ತಿಳಿಯುವ ಬದಲು ಸೀಳಿಕೊಂಡು ಹೋಗುತ್ತದೆ. ಒಳಗೆ ಆರಡಿ ಎತ್ತರದ ಅಳಿಯನೂ ತಲೆ ಬಗ್ಗಿಸದೆ ನಿಲ್ಲಬಹುದು, ಬಾಗಿಲಿರುವ ಶೌಚಾಲಯವಿದೆ. ಚಿಕ್ಕದರ ಒಳಗೆ ಕುಳಿತೇ ಬಟ್ಟೆ ಬದಲಿಸಬೇಕು. ಅದೇ ಕೊಲ್ಲಿಯ ಏಂಜಲ್ ದ್ವೀಪದ ಅಯಾಲಾ ಕೋವ್‌ನಲ್ಲಿ, ತಳಕ್ಕೆ ಬಿಗಿದು ನೀರಿನ ಮೇಲೆ ತೇಲುವ ಬೋಯ್‌ಗೆ ದೋಣಿ ಕಟ್ಟಿ ರಾತ್ರಿ ಕಳೆದ ಮರುದಿನ ಬೆಳಿಗ್ಗೆ ನನ್ನ ಮಡದಿ ಉಪ್ಪಿಟ್ಟು ಮಾಡಿದಳು. ಫೆರಿ ಹಾದುಹೋಗಿ ಅಲೆ ಎದ್ದಾಗ ದೋಣಿ ತೂಗಿತು, ತಿರುಗಣೆಗಳ ಮೇಲೆ ನೇತಾಡುವ ಒಲೆ ಮಾತ್ರ ಮಟ್ಟಸವಾಗಿಯೇ ಉಳಿಯಿತು. ಬಾಣಲೆಯಲ್ಲಿ ಕುದಿಯುತ್ತಿದ್ದ ನೀರು ಒಂದು ಹನಿಯೂ ಚೆಲ್ಲಲಿಲ್ಲ. ಅದನ್ನು ನೋಡಿದ ಮೇಲೆಯೇ ಅವಳಿಗೆ ಈ ದೋಣಿಯ ಮೇಲೆ ನಂಬಿಕೆ ಕುದುರಿದ್ದು.

ವೇಗಕ್ಕಾಗಿ ದೊಡ್ಡದನ್ನು ಹಿಡಿಯಬೇಕಾಗಿಲ್ಲ. ಇಂಥ ದೋಣಿಯ ವೇಗದ ಮಿತಿ ನೀರನ್ನು ತಾಗುವ ಉದ್ದದ ವರ್ಗಮೂಲವನ್ನು ಅವಲಂಬಿಸಿರುವುದರಿಂದ, ಚಿಕ್ಕದು 5.9 ನಾಟ್ ಆಸುಪಾಸಿನಲ್ಲಿ ನಿಂತರೆ ದೊಡ್ಡದು 6.7ಕ್ಕೆ ನಿಲ್ಲುತ್ತದೆ, ಗಂಟೆಗೆ ಒಂದೂವರೆ ಕಿಲೋಮೀಟರ್ ಲಾಭ, ಅಷ್ಟೇ.

ದೊಡ್ಡದರ ಕಷ್ಟವೆಲ್ಲ ಬಂದರಿನೊಳಗಿದೆ. ಚಿಕ್ಕದನ್ನು ಕಟ್ಟೆಯ ಮೇಲೆ ನಿಂತವರು ಕೈಯಲ್ಲಿ ಹಿಡಿದು ನಿಲ್ಲಿಸಬಹುದು. ನಾಲ್ಕೂವರೆ ಟನ್ ಚಲಿಸುತ್ತಿರುವಾಗ ಕೈಯೋ ಕಾಲೋ ಅಡ್ಡ ಕೊಟ್ಟರೆ ಮೂಳೆ ಉಳಿಯದು. ಇಂಜಿನ್ನನ್ನು ಹಿಂದಕ್ಕೆ ಓಡಿಸಿದರೆ ಪ್ರೊಪೆಲ್ಲರ್ ದೋಣಿಯ ಹಿಂಭಾಗವನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ. ನಾನು ಮೂರು ಬಾರಿ ಪ್ರಯತ್ನಿಸಿ, ಕೊನೆಗೆ ಚಕ್ರವನ್ನು ಮಗಳಿಗೆ ಒಪ್ಪಿಸಿದೆ. ಬಾಡಿಗೆಯೂ ಚಿಕ್ಕದರ ದುಪ್ಪಟ್ಟಿಗಿಂತ ಹೆಚ್ಚಾಯಿತು.

ಆದ್ದರಿಂದ ನನ್ನ ಸ್ನೇಹಿತರಿಗೆ ನಾನು ಹೇಳುವುದು ಇದು: ಕಲಿಯುವುದೆಲ್ಲ 22ರಲ್ಲಿಯೇ ಆಗಲಿ, ಕನಿಷ್ಠ ಆರೇಳು ದಿನ, ಬೆಳಿಗ್ಗೆ ಬೇಗ ಹೊರಟು ಗಾಳಿ ಏರುವ ಮುನ್ನ ಮರಳುವಂತೆ. ಮನೆಯವರೆಲ್ಲ ಸೇರಿ ರಾತ್ರಿ ತಂಗುವುದಿದ್ದರೆ, ಅನುಭವಿಗಳೊಬ್ಬರು ಜೊತೆಗಿದ್ದರೆ, 30ಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಯಾವುದನ್ನೇ ಹಿಡಿದರೂ, ಜುಲೈ ತಿಂಗಳೆಂದು ಸ್ವೆಟರ್ ಮತ್ತು ಕಿವಿ ಮುಚ್ಚುವ ಟೋಪಿಯನ್ನು ತುಮಕೂರಿನಲ್ಲೇ ಬಿಟ್ಟು ಹೋಗಬೇಡಿ.