ನಾಲಿಗೆಯ ಸಂಯಮ ಕುರಿತ ಒಂದು ದಿನದ ಧ್ಯಾನಕೂಟ, ಚಿಕ್ಕಮಗಳೂರು

ಚಿಕ್ಕಮಗಳೂರಿನಲ್ಲಿ ನಾಲಿಗೆಯ ಸಂಯಮವನ್ನು, ಅಂದರೆ ಮಾತಿನ ಮೇಲಿನ ಹಿಡಿತವನ್ನು ಕುರಿತು ಏರ್ಪಟ್ಟಿದ್ದ ಒಂದು ದಿನದ ಧ್ಯಾನಕೂಟದಲ್ಲಿ ನಾನು ಪಾಲ್ಗೊಂಡಿದ್ದೆ. ಬೈಬಲಿನ ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯವೇ ಬೋಧನೆಗೆ ಆಧಾರವಾಗಿತ್ತು. ಕುದುರೆಯ ಬಾಯಿಗೆ ಹಾಕುವ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನೇ ಸುಡುವ ಕಿಡಿ ಎಂದು ಅಲ್ಲಿ ನಾಲಿಗೆಗೆ ಕೊಟ್ಟಿರುವ ಮೂರು ಹೋಲಿಕೆಗಳಲ್ಲಿ ಕೊನೆಯದನ್ನು, ಬೇಸಿಗೆಯಲ್ಲಿ ಚಂದ್ರದ್ರೋಣ ಗಿರಿಶ್ರೇಣಿಯ ಒಣಹುಲ್ಲಿಗೆ ಬೆಂಕಿ ಹತ್ತುವುದನ್ನು ಕಂಡಿರುವ ನಮ್ಮೆದುರು ಬೋಧಕರು ವಿವರಿಸಿದಾಗ, ಮನೆಯಲ್ಲಿ ನಾನಾಡಿದ ಕಟುಮಾತುಗಳು ನೆನಪಾಗಿ ತಲೆತಗ್ಗಿಸಿದೆ. ದೇವರನ್ನು ಕೊಂಡಾಡುವ ಬಾಯಿಂದಲೇ ಮನುಷ್ಯರನ್ನು ಶಪಿಸುವುದು ಸಲ್ಲದೆಂಬ ಭಾಗಕ್ಕೆ ಒಂದೂವರೆ ಗಂಟೆ ಮೀಸಲಿಟ್ಟದ್ದು ಬಹಳ ಸೂಕ್ತವಾಗಿತ್ತು. ಆದರೆ ಬೈಬಲಿನಲ್ಲೇ ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದ 29ನೆಯ ವಚನದಲ್ಲಿ ಬರುವ, ಕೇಳುವವರಿಗೆ ಒಳಿತನ್ನುಂಟುಮಾಡುವ ಮಾತಿನ ವಿಚಾರವನ್ನು ಅವಸರದಲ್ಲಿ ಮುಗಿಸಲಾಯಿತು. ಸುಮ್ಮನಿರುವುದಷ್ಟೇ ಸಂಯಮವಲ್ಲವಾದ್ದರಿಂದ ಇದು ನನಗೆ ದೊಡ್ಡ ಕೊರತೆಯೆನಿಸಿತು. ಊಟ ಸರಳವಾಗಿ, ರುಚಿಯಾಗಿತ್ತು. ಮುಂದಿನ ಬಾರಿ ಪತ್ನಿಯನ್ನೂ ಕರೆದುಕೊಂಡು ಹೋಗುತ್ತೇನೆ.